ಕರಿಗಿರಿಯ ಮಂಡಿಮೀಮಾಂಸೆ

ಬೆಟ್ಟ ಹತ್ತಲು ಹೋಗಿ ಬಿದ್ದು ಮಂಡಿ ಕೆಡಿಸಿಕೊಳ್ಳುವ ಪದ್ಧತಿ ತುಮಕೂರು ಸೀಮೆಗೆ ಬಂದದ್ದು ತೀರ ಈಚೆಗೆ, ಅದೂ ಶನಿವಾರದ ಬೆಳಗಿನ ಜಾವ ಬೆಂಗಳೂರಿನಿಂದ ಬಂದಿಳಿಯುವ ಸಾಫ್ಟ್‌ವೇರ್ ಮಂದಿಯ ಹಿಂದೆಯೇ ಎಂಬ ಮಾತು ಬಲ್ಲವರ ನಡುವೆ ತಕರಾರಿಲ್ಲದೆ ಚಲಾವಣೆಯಲ್ಲಿದೆ. ಅದನ್ನು ಬುಡಸಮೇತ ಕಿತ್ತುಹಾಕುವುದೇ ಈ ಪ್ರಬಂಧದ ಉದ್ದೇಶ. ಮಂಡಿನೋವು ಈ ನೆಲದ್ದೇ ಸೊತ್ತು. ಅದರ ಹಳೆಯ ದಾಖಲೆ ಇರುವುದು ಆಸ್ಪತ್ರೆಯ ಕಡತದಲ್ಲಲ್ಲ, ಗರ್ಭಗುಡಿಯಲ್ಲಿ. ತುಮಕೂರು ನಗರದ ಪಕ್ಕದ ದೇವರಾಯನದುರ್ಗಕ್ಕೆ ಕರಿಗಿರಿಯೆಂಬುದು ಹಳೆಯ ಹೆಸರು. ಎತ್ತರ ಸಮುದ್ರಮಟ್ಟದಿಂದ ಸುಮಾರು 1200 ಮೀಟರ್. ಮೇಲಿರುವವನು ಯೋಗಾನರಸಿಂಹ, ಕೆಳಗಿರುವವನು ಭೋಗಾನರಸಿಂಹ. ಯೋಗಾನರಸಿಂಹನ ಮೂರ್ತಿಲಕ್ಷಣ ಎಲ್ಲರಿಗೂ ಗೊತ್ತು: ಎರಡೂ ಕಾಲು ಮಡಚಿ, ಮಂಡಿ ಮೇಲೆತ್ತಿ, ಮುಂಗೈಗಳನ್ನು ಮಂಡಿಯ ಮೇಲೆ ನೀಳವಾಗಿ ಚಾಚಿ, ಮಂಡಿಗಳ ಸುತ್ತ ಒಂದು ಪಟ್ಟಿ ಬಿಗಿದು ಕೂತಿರುತ್ತಾನೆ. ಶಿಲ್ಪಶಾಸ್ತ್ರದವರು ಆ ಪಟ್ಟಿಗೆ ಯೋಗಪಟ್ಟವೆಂದು ಹೆಸರಿಟ್ಟು ಕೈತೊಳೆದುಕೊಂಡರು. ನಮ್ಮ ಪ್ರತಿಜ್ಞೆ ಇಷ್ಟು: ಅದು ಮಂಡಿಪಟ್ಟಿ. ಇವತ್ತು ಮೆಡಿಕಲ್ ಶಾಪಿನಲ್ಲಿ ನೀ ಕ್ಯಾಪ್ ಎಂದು ಕೇಳಿದರೆ ಕೊಡುವ ವಸ್ತು ಅದರ ಮರಿಮೊಮ್ಮಗ.

ರೋಗವೆಂದ ಮೇಲೆ ಕಾರಣ ಬೇಕು. ಕಾರಣ ಪುರಾಣದಲ್ಲಿಯೇ ಇದೆ, ಓದುವವರು ಕೈಕಾಲುಗಳ ಕಡೆ ಗಮನ ಕೊಡಲಿಲ್ಲ ಅಷ್ಟೆ. ಹಿರಣ್ಯಕಶಿಪು ಪಡೆದ ವರದ ಪ್ರಕಾರ ಅವನ ಸಾವು ಒಳಗೂ ಆಗುವಂತಿಲ್ಲ, ಹೊರಗೂ ಆಗುವಂತಿಲ್ಲ. ನೆಲದ ಮೇಲೂ ಕೂಡದು, ಆಕಾಶದಲ್ಲೂ ಕೂಡದು. ಆದ್ದರಿಂದ ನರಸಿಂಹ ಹೊಸ್ತಿಲ ಮೇಲೆ ಕೂತು ಅವನನ್ನು ತೊಡೆಯ ಮೇಲೆ ಹಾಕಿಕೊಂಡ. ಇಲ್ಲಿಯವರೆಗೆ ಕಥೆ, ಇನ್ನು ಮುಂದೆ ಯಂತ್ರಶಾಸ್ತ್ರ. ಮೂರು ಲೋಕ ನಡುಗಿಸಿದ ಅಸುರನ ತೂಕ ಕಡಿಮೆಯಿದ್ದೀತೆ? ಅವನು ಸುಮ್ಮನೆ ಮಲಗಿದ್ದವನೂ ಅಲ್ಲ, ಕೊಸರಾಡುತ್ತಿದ್ದ. ಹೊಸ್ತಿಲಿನ ಎತ್ತರವೋ ಗೇಣು. ಅಷ್ಟು ತಗ್ಗಿನಲ್ಲಿ ಕೂತಾಗ ಮಂಡಿ ಪೂರ್ತಿ ಮಡಚಿರುತ್ತದೆ, ಮೇಲೆ ಭಾರ ಒತ್ತುತ್ತಿರುತ್ತದೆ, ಭಾರ ಎಡಕ್ಕೂ ಬಲಕ್ಕೂ ತಿರುಚುತ್ತಿರುತ್ತದೆ. ಮಡಚಿದ ಮಂಡಿ, ಮೇಲೆ ಭಾರ, ಜೊತೆಗೆ ತಿರುಚು: ಮಂಡಿಯೊಳಗಿನ ಅರ್ಧಚಂದ್ರಾಕಾರದ ಎರಡು ಮೆದುಮೂಳೆಗಳು, ಅಂದರೆ ಮೆನಿಸ್ಕಸ್ಸುಗಳು, ಹರಿಯುವುದಕ್ಕೆ ಯಾವ ಮೂಳೆವೈದ್ಯರನ್ನು ಕೇಳಿದರೂ ಈ ಮೂರನ್ನೇ ಹೇಳುತ್ತಾರೆ. ದೇವತೆಗಳು ಹೂಮಳೆ ಸುರಿಸಿದರಂತೆ. ಅವರಲ್ಲಿ ಒಬ್ಬರಾದರೂ ಇಳಿದುಬಂದು ಮಂಡಿ ಮುಟ್ಟಿ ನೋಡಿದ ಸುದ್ದಿಯಿಲ್ಲ. ದೇವವೈದ್ಯರಾದ ಅಶ್ವಿನೀದೇವತೆಗಳು ಇಬ್ಬಿಬ್ಬರಿದ್ದೂ!

ಮಂಡಿಗೆ ಪೆಟ್ಟಾದವನು ಬೆಟ್ಟದ ತುದಿಯಲ್ಲಿ ಏಕಿರುತ್ತಾನೆ, ಬುಡದಲ್ಲಲ್ಲವೆ ಇರಬೇಕಾದ್ದು ಎಂಬುದು ಮೊದಲ ಆಕ್ಷೇಪ. ಇದು ಬೆಟ್ಟ ಹತ್ತದವರ ಆಕ್ಷೇಪ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಾ ಹೋಗುತ್ತಲೇ ಬಿಗಿಹಿಡಿಯಬೇಕು. ಮೈತೂಕದ ಮೂರು ಪಟ್ಟಿಗೂ ಮೀರಿದ ಒತ್ತಡ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುತ್ತದೆ. ಸಾಲದ್ದಕ್ಕೆ ಇಲ್ಲಿಯ ನೆಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ರಾಮನಗರದ ಕಡೆಯಿಂದ ಬಂದು ತುಮಕೂರು ಜಿಲ್ಲೆಯನ್ನು ಹಾದುಹೋಗುತ್ತದೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದಲ್ಲಿ, ಕೆಂಪೇಗೌಡರ ಕಾಲದ ಕೋಟೆಗೋಡೆ ದಾಟಿ ಶಂಕರೇಶ್ವರನ ಗುಡಿಗೆ ಹೋಗುವ ಬೋಳುಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ವಿಷಯ ತಿಳಿಯುತ್ತದೆ. ಬಿಸಿಲು ಮಳೆಗೆ ಬಂಡೆಯ ಮೈ ಪದರ ಪದರವಾಗಿ ಎದ್ದು, ಪದರ ಉದುರಿ, ಹೆಸರುಕಾಳಿನಷ್ಟು ದಪ್ಪದ ಗರಸಾಗಿ ಇಳಿಜಾರಿನ ಮೇಲೆಲ್ಲ ಹರಡಿರುತ್ತದೆ. ಬೆಳ್ಳಗೆ ಹೊಳೆಯುವ ಗಟ್ಟಿ ಕಾಳು. ಶೂ ಎಷ್ಟೇ ದುಬಾರಿಯದಾಗಲಿ, ಅಟ್ಟೆ ಬಂಡೆಯನ್ನು ಮುಟ್ಟುವುದೇ ಇಲ್ಲ, ಕಾಳಿನ ಮೇಲೆ ಉರುಳುತ್ತದೆ. ಹತ್ತುವಾಗ ಮೈ ಮುಂದಕ್ಕೆ ಬಾಗಿರುವುದರಿಂದ ಜಾರಿದರೂ ಅಂಗೈ ಊರಬಹುದು. ಇಳಿಯುವಾಗ ಜಾರಿದವನ ಒಂದು ಕಾಲು ಮುಂದೋಡುತ್ತದೆ, ಇನ್ನೊಂದು ಕಾಲು ಮಡಚಿಕೊಂಡು ಅಡಿಗೆ ಸಿಕ್ಕುತ್ತದೆ. ಆದ್ದರಿಂದ ಕೆಟ್ಟ ಮಂಡಿಯುಳ್ಳವನು ಹೇಗೋ ಮೇಲಕ್ಕೆ ಹೋಗಿಬಿಡಬಲ್ಲ, ಬರಲಾರ. ಉಗ್ರಕೋಪ ತಣಿಸಿಕೊಳ್ಳಲು ತಂಪು ಹವೆಯ ಕರಿಗಿರಿಗೆ ಹತ್ತಿದ ನರಸಿಂಹ ಕೆಳಗೆ ನೋಡಿದ, ಲೆಕ್ಕ ಹಾಕಿದ, ಪಟ್ಟಿ ಕಟ್ಟಿಕೊಂಡು ಅಲ್ಲೇ ಕೂತ. ಅದನ್ನು ನಾವು ಯೋಗ ಎನ್ನುತ್ತೇವೆ.

ಯೋಗಪಟ್ಟ ತಪಸ್ವಿಗಳು ಬಹಳ ಹೊತ್ತು ಅಲುಗಾಡದೆ ಕೂರಲು ಬಳಸುತ್ತಿದ್ದ ಸಾಧನ, ಅದು ನರಸಿಂಹನೊಬ್ಬನ ಸೊತ್ತಲ್ಲ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಒಪ್ಪಿದೆವು. ಆದರೆ ಅದನ್ನು ಕಟ್ಟಿಕೊಂಡವರ ವಿಳಾಸಗಳನ್ನು ಸ್ವಲ್ಪ ನೋಡಬೇಕು. ಮೇಲುಕೋಟೆಯಲ್ಲಿ ಚೆಲುವನಾರಾಯಣ ಊರೊಳಗೆ, ಯೋಗಾನರಸಿಂಹ ಬೆಟ್ಟದ ನೆತ್ತಿಯ ಮೇಲೆ. ತಮಿಳುನಾಡಿನ ಶೋಳಿಂಗಪುರದಲ್ಲಿಯೂ ಯೋಗಾನರಸಿಂಹ ಬೆಟ್ಟದ ಮೇಲೆಯೇ. ಮಂಡಿಗಳ ಸುತ್ತ ಪಟ್ಟಿಯಿರುವ ಇನ್ನೊಬ್ಬ ಪ್ರಸಿದ್ಧ ದೇವರು ಅಯ್ಯಪ್ಪ. ಅವನಿರುವುದು ಶಬರಿಮಲೆಯಲ್ಲಿ, ಹದಿನೆಂಟು ಮೆಟ್ಟಿಲಿನಾಚೆ. ತಪಸ್ಸಿಗೆ ಬಯಲುಸೀಮೆಯಲ್ಲಿ ಆಲದಮರಗಳಿಗೇನು ಬರವೆ? ಹಾಗಾದರೆ ತಿರುಮಲೆಯ ವೆಂಕಟರಮಣ ಬೆಟ್ಟದ ಮೇಲಿದ್ದೂ ಪಟ್ಟಿಯಿಲ್ಲದೆ ನಿಂತಿದ್ದಾನಲ್ಲ ಎಂದು ಕೇಳಬಹುದು. ಅವನು ಮಂಡಿಯ ಪಾಲನ್ನು ಭಕ್ತರಿಗೆ ವಹಿಸಿಕೊಟ್ಟಿದ್ದಾನೆ. ಅಲಿಪಿರಿ ದಾರಿಯ ಕೊನೆಯ ಕಡಿದಾದ ಮೆಟ್ಟಿಲುಗಳಿಗೆ ಮೊಣಕಾಲಿನದೇ ಹೆಸರು, ಅಲ್ಲಿ ಮಂಡಿಯೂರಿ ಹತ್ತುವವರು ಇಂದಿಗೂ ಇದ್ದಾರೆ. ಉಳಿದದ್ದು ಹಂಪಿ. ಕೃಷ್ಣದೇವರಾಯ 1528ರಲ್ಲಿ ಕಡೆಸಿದ ಏಕಶಿಲೆಯ ನರಸಿಂಹ ಇರುವುದು ಸಮತಟ್ಟಿನಲ್ಲಿ, ನಮ್ಮ ವಾದಕ್ಕೆ ವಿರುದ್ಧವಾಗಿ. ಆದರೆ ಅವನ ಮಂಡಿಯ ಗತಿ ಏನಾಯಿತು? ಮುರಿದಿತ್ತು. ಇವತ್ತು ಆ ಮಂಡಿಗಳ ನಡುವೆ ಅಡ್ಡಲಾಗಿ ಕಾಣುವ ಕಲ್ಲಿನ ಪಟ್ಟಿ, ಕಾಲುಗಳು ನಿಲ್ಲಲೆಂದು ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರದ ಕಾಲದಲ್ಲಿ ಕೂರಿಸಿದ್ದು. ಯೋಗಪಟ್ಟ ಕಾಲಿಗೆ ಆಧಾರವೆಂದು ಸರ್ಕಾರವೇ ತನ್ನ ಖರ್ಚಿನಲ್ಲಿ ಒಪ್ಪಿಕೊಂಡ ಮೇಲೆ ನಾವು ಹೆಚ್ಚು ಹೇಳಬೇಕಾದ್ದಿಲ್ಲ.

ಕುಣಿಗಲ್ಲಿನಿಂದ ಬರುವ ಪ್ರಮಾಣ ಬೇರೆ ಜಾತಿಯದು. ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ, ಈಚೆಗೆ ರೇಸಿನ ಕುದುರೆಗಳಿಗೆ ಹೆಸರಾದ ಅಲ್ಲಿನ ಸ್ಟಡ್ ಫಾರಂ ಮುಂದಿಟ್ಟು ಕೆಲವರು, ನಾಲ್ಕು ಮಂಡಿಯ ಪ್ರಾಣಿಯೇ ಪಟ್ಟಿಯಿಲ್ಲದೆ ಓಡುವಾಗ ಎರಡು ಮಂಡಿಯ ದೇವರಿಗೆ ಏಕೆ ಬೇಕು ಎನ್ನುತ್ತಾರೆ. ಅಂಗರಚನೆ ಗೊತ್ತಿಲ್ಲದ ಮಾತು. ಕುದುರೆಯ ಮುಂಗಾಲಿನಲ್ಲಿ ಮಂಡಿಯೆಂದು ನಾವು ತೋರಿಸುವ ಜಾಗ ನಿಜಕ್ಕೂ ಅದರ ಮಣಿಕಟ್ಟು. ಅಸಲಿ ಮಂಡಿ ಹಿಂಗಾಲಿನಲ್ಲಿದೆ, ಹೊಟ್ಟೆಯ ಮಗ್ಗುಲಿಗೆ ಎತ್ತರದಲ್ಲಿ. ಕುದುರೆ ನಿಂತಲ್ಲೇ ತೂಕಡಿಸುವ ಗುಟ್ಟೂ ಅಲ್ಲೇ ಇದೆ: ಮಂಡಿಚಿಪ್ಪಿನ ಒಂದು ಕಟ್ಟುನಾರು ತೊಡೆಮೂಳೆಯ ತುದಿಯ ಏಣಿಗೆ ಕೊಂಡಿಯಂತೆ ಸಿಕ್ಕಿಕೊಂಡು ಕಾಲನ್ನು ಬೀಗ ಹಾಕಿಬಿಡುತ್ತದೆ, ಸ್ನಾಯು ದಣಿಯುವುದೇ ಇಲ್ಲ. ಅಂದರೆ ಕುದುರೆಗೆ ಪಟ್ಟಿ ಇಲ್ಲವೆಂದಲ್ಲ, ಒಳಗೇ ಇದೆ. ಮನುಷ್ಯನಿಗೂ ನರಸಿಂಹನಿಗೂ ಅದು ಸಿಕ್ಕಲಿಲ್ಲವಾಗಿ ಹೊರಗಿನಿಂದ ಕಟ್ಟಿಕೊಳ್ಳಬೇಕಾಯಿತು. ಸಿಂಹದ ಬದಲು ಕುದುರೆಯ ಭಾಗ ಹೆಚ್ಚಿದ್ದ ಹಯಗ್ರೀವನಿಗೆ ಈ ತೊಂದರೆ ಇದ್ದಿರಲಾರದೆಂದು ಊಹಿಸಬಹುದಿತ್ತು. ಆದರೆ ಅವನದು ತಲೆ ಮಾತ್ರ ಕುದುರೆಯದು, ಆದ್ದರಿಂದ ಆ ವಾದವನ್ನು ಇಲ್ಲಿಗೇ ಬಿಡುತ್ತೇವೆ.

ಗುಬ್ಬಿ ಪಂಥದವರದು ಮಂಡಿಪ್ರಪಂಚದ ಆದಿರೋಗಿ ನರಸಿಂಹನಲ್ಲ, ದುರ್ಯೋಧನ ಎಂಬ ಹಟ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಅವರ ಅಭಿಮಾನದ ಮೂಲ. ಅಭಿಮಾನ ನ್ಯಾಯವಾದದ್ದೇ. ಆದರೆ ಭೀಮ ಹೊಡೆದದ್ದು ತೊಡೆಗೆ. ತೊಡೆಮೂಳೆ ಮುರಿತ ಬೇರೆ ವಿಭಾಗ, ಬೇರೆ ವಾರ್ಡು.

ಇನ್ನು ಚಿಕಿತ್ಸೆ. ಇಲ್ಲಿ ನಮ್ಮ ಸಿದ್ಧಾಂತಕ್ಕೆ ಬಲ ಬರುವುದು ಎದುರಾಳಿಗಳ ಗೊಂದಲದಿಂದಲೇ. ಬಿದ್ದವನು ಕುಂಟುತ್ತಾ ಮನೆಗೆ ಬಂದರೆ ಒಬ್ಬರು ಹುಣಸೆಹಣ್ಣು ಉಪ್ಪು ಕಲಸಿ ಬಿಸಿಮಾಡಿ ಪಟ್ಟು ಹಾಕು ಎನ್ನುತ್ತಾರೆ, ಇನ್ನೊಬ್ಬರು ಲಕ್ಕಿಸೊಪ್ಪಿನ ಶಾಖ ಎನ್ನುತ್ತಾರೆ, ಮೂರನೆಯವರು ಎಣ್ಣೆ ಹಚ್ಚಿ ನೀವಲು ತೋಳು ಮಡಚುತ್ತಾರೆ, ನಾಲ್ಕನೆಯವರು ಪುತ್ತೂರು ಕಟ್ಟಿನ ಬೋರ್ಡು ಎಲ್ಲಿದೆಯೆಂದು ಹೇಳುತ್ತಾರೆ. ಆಂಧ್ರದ ಪುತ್ತೂರಿನಿಂದ ಹೊರಟ ಆ ಕಟ್ಟು ಮೂಳೆಗಾಗಿ ಹುಟ್ಟಿದ್ದು. ಹರಿದ ಕಟ್ಟುನಾರಿಗೆ ಬಿದಿರುದಬ್ಬೆ ಏನು ಮಾಡೀತು? ಊದಿದ ಮಂಡಿಯನ್ನು ಮೊದಲ ದಿನವೇ ನೀವಿದರೆ ಒಳಗಿನ ರಕ್ತ ಇನ್ನಷ್ಟು ಹರಡುತ್ತದೆ. ನೋವಿಗೆ ಶಾಖ ಹಿತವೆನಿಸಿದರೂ ಹೊಸ ಪೆಟ್ಟಿನ ಊತಕ್ಕೆ ಅಲ್ಲ. ಹೋಗಲಿ, ಪಾಶ್ಚಾತ್ಯರೇನು ಒಂದೇ ಮಾತಿನಲ್ಲಿ ನಿಂತವರೆ? ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಲಾಂಡ್ ಸಟ್ಟನ್ 1897ರಲ್ಲಿ ಮೆನಿಸ್ಕಸ್ಸನ್ನು ಯಾವ ಕೆಲಸಕ್ಕೂ ಬಾರದ ಸ್ನಾಯುವಿನ ಅವಶೇಷವೆಂದು ಬರೆದ. ಹರಿದದ್ದನ್ನು ಪೂರ್ತಿ ತೆಗೆದೆಸೆಯುವ ಪದ್ಧತಿ ಬಹುಕಾಲ ನಡೆಯಿತು. ತೆಗೆದ ಮಂಡಿ ಬೇಗ ಸವೆಯುವುದನ್ನು 1948ರಲ್ಲಿ ಫೇರ್‌ಬ್ಯಾಂಕ್ ಎಕ್ಸ್‌ರೇಗಳಲ್ಲಿ ತೋರಿಸಿದ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್, ಮೂರೂವರೆ ದಶಕವಾದ ಮೇಲೆ, ಐಸೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ತಾನೇ ತಿದ್ದಿಕೊಂಡ. ಈ ಎಲ್ಲ ಏರಿಳಿತದ ನಡುವೆ ಕದಲದೆ ಉಳಿದದ್ದು ಯಾವುದು? ಪಟ್ಟಿ. ಅದು ಮೊದಲ ದಿನಗಳ ಊತಕ್ಕೆ ತಡೆ, ಆಮೇಲೆ ನಡೆಯುವವನಿಗೆ ಧೈರ್ಯ. ನರಸಿಂಹ ಐಸು ಇಟ್ಟುಕೊಂಡ ಒಂದು ವಿಗ್ರಹವನ್ನಾದರೂ ಯಾರಾದರೂ ತೋರಿಸಲಿ.

ದೇವರ ಪಟ್ಟಿಯನ್ನು ನೋಡಿ ಎಲ್ಲರೂ ಬರೀ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತರೆ ಗತಿಯೇನು ಎಂಬ ವೈದ್ಯರ ಆಕ್ಷೇಪಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಬಿದ್ದಾಗ ಒಳಗೆ ಟಕ್ಕೆಂದು ಸದ್ದಾಗಿ ಎರಡು ಗಂಟೆಯೊಳಗೆ ಮಂಡಿ ಊದಿಕೊಂಡರೆ ಒಳಗೆ ರಕ್ತ ತುಂಬಿದೆ, ಅಡ್ಡಲಾಗಿರುವ ಮುಂದಿನ ಕಟ್ಟುನಾರು ಹರಿದಿರುವ ಸಂಭವ ಹೆಚ್ಚು. ಊತ ಮಾರನೆಯ ದಿನ ನಿಧಾನವಾಗಿ ಬಂದು, ನಡುನಡುವೆ ಮಂಡಿ ಸಿಕ್ಕಿಹಾಕಿಕೊಂಡಂತಾದರೆ ಮೆನಿಸ್ಕಸ್ಸಿನ ಮೇಲೆ ಅನುಮಾನ. ಎಕ್ಸ್‌ರೇ ಯಾರಿಗೆ ಬೇಕೆಂದು 1990ರ ದಶಕದಲ್ಲಿ ಕೆನಡಾದ ಒಟ್ಟಾವಾದವರು ನಿಯಮ ಮಾಡಿದ್ದಾರೆ: ವಯಸ್ಸು 55 ದಾಟಿದ್ದರೆ ಅಥವಾ ಅಷ್ಟೇ ಆಗಿದ್ದರೆ, ಚಿಪ್ಪಿನ ಮೇಲೆ ಮಾತ್ರ ಒತ್ತಿದರೆ ನೋವಿದ್ದರೆ, ಮಂಡಿಯ ಹೊರಮಗ್ಗುಲ ಮೂಳೆಯ ತಲೆ ಒತ್ತಿದರೆ ನೋವಿದ್ದರೆ, ಮಂಡಿ 90 ಡಿಗ್ರಿ ಮಡಚಲಾಗದಿದ್ದರೆ, ಬಿದ್ದ ಕೂಡಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ. ಐದರಲ್ಲಿ ಒಂದಿದ್ದರೂ ಸಾಕು. ನರಸಿಂಹ ಮೊದಲನೆಯದರಲ್ಲೇ ಸಿಕ್ಕಿಬೀಳುತ್ತಾನೆ.

ವಿಷ್ಣುವಿಗೆ ಗರುಡನಿರುವಾಗ ಇಳಿಯಲಾಗದೆ ಕೂತ ಎನ್ನುವುದು ಹೇಗೆ? ಕಂಬದಿಂದ ದಿಢೀರನೆ ಬಂದವನು ವಾಹನಕ್ಕೆ ಹೇಳಿಕಳಿಸಿರಲಿಲ್ಲವೆಂಬುದೇ ಉತ್ತರ. ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಿಂದ ಎಚ್‌.ಎ.ಎಲ್‌.ನ ಹೆಲಿಕಾಪ್ಟರ್ ಕಾರ್ಖಾನೆಯಿದೆ, ಮಂಡಿಗೆ ನೋವಾಗದ ಏಕೈಕ ಇಳಿಯುವ ಸಾಧನವನ್ನು ತಯಾರಿಸುತ್ತದೆ, ಹಾಗೆಂದು ಪುರಾಣದ ಕಾಲಕ್ಕೆ ಅದನ್ನು ಅನ್ವಯಿಸಲಾಗದು. ಅದಕ್ಕಿಂತ ಗಟ್ಟಿ ಸಾಕ್ಷಿ ಉತ್ಸವದಲ್ಲಿದೆ. ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಬರುತ್ತಾನೆ, ತೇರಿನಲ್ಲಿ ಬರುತ್ತಾನೆ, ಹೆಗಲ ಮೇಲೆ ಬರುತ್ತಾನೆ. ನಡೆದು ಬಂದ ಒಂದು ಉತ್ಸವವನ್ನೂ ಯಾವ ಊರಿನ ಅರ್ಚಕರೂ ಹೇಳುವುದಿಲ್ಲ.

ಉಳಿದ ಪ್ರಶ್ನೆಯೊಂದೇ: ಇಳಿಯಲಾರದವನು ಮೇಲಿದ್ದರೆ ಕೆಳಗಿನ ಭೋಗಾನರಸಿಂಹ ಯಾರು? ಗುಣವಾದ ಮೇಲಿನವನೇ. ಲಕ್ಷ್ಮೀಸಮೇತ ನರಸಿಂಹನ ಲಕ್ಷಣವನ್ನು ಫಿಸಿಯೋಥೆರಪಿಯವರ ಕಣ್ಣಲ್ಲಿ ನೋಡಬೇಕು. ಪಟ್ಟಿ ಬಿಚ್ಚಿದೆ. ಎಡಗಾಲು ಮಡಚಿದೆ, ಅದರ ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಾಳೆ. ಹಿರಣ್ಯಕಶಿಪುವಿಗಿಂತ ಎಷ್ಟೋ ಹಗುರಾದ, ಕೊಸರಾಡದ ಭಾರ, ಅದೂ ಒಂದೇ ಕಾಲಿಗೆ. ಭಾರವನ್ನು ಹಂತಹಂತವಾಗಿ ಏರಿಸಬೇಕೆಂದು ವ್ಯಾಯಾಮ ಹೇಳಿಕೊಡುವವರು ತಿಂಗಳಾನುಗಟ್ಟಲೆ ಹೇಳುವುದೂ ಇದನ್ನೇ. ಬಲಗಾಲು ಪೀಠದಿಂದ ಕೆಳಗೆ ಇಳಿಬಿದ್ದಿದೆ, ಮಂಡಿಯಲ್ಲಿ ಸರಿಯಾಗಿ 90 ಡಿಗ್ರಿ.