ಹೈಟಾಪ್ ರಾಯರು

ಮಾಲೂರು ಸ್ಟೇಷನ್ನಿನಲ್ಲಿ ಬೆಳಗಿನ ಬೆಂಗಳೂರು ರೈಲಿಗೆ ಕಾಯುವವರಲ್ಲಿ ಇವನನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಶೂ ನೋಡಿದರೆ ಸಾಕು. ಕಪ್ಪು ಕ್ಯಾನ್ವಾಸು, ಬಿಳಿ ರಬ್ಬರಿನ ಮೂತಿ, ಕಣಕಾಲಿನ ಒಳಮಗ್ಗುಲಲ್ಲಿ ನಕ್ಷತ್ರದ ಬಿಲ್ಲೆ. ಆ ಬಿಲ್ಲೆ ಕಾಣಲೆಂದೇ ಪ್ಯಾಂಟನ್ನು ಎರಡು ಮಡಿಕೆ ಏರಿಸಿರುತ್ತಾನೆ, ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಹೊಳೆ ದಾಟುವವನ ಹಾಗೆ.

"ಕಾಲಿಗೆ ಹಿತವಾಗಿದೆಯೇನಪ್ಪಾ?" ಅಂದರೆ "ಕ್ಲಾಸಿಕ್ ಸಾರ್" ಅನ್ನುತ್ತಾನೆ. ಕೇಳಿದ್ದು ಅದಲ್ಲ. 1917ರಲ್ಲಿ ಅಮೆರಿಕದ ಕಾನ್ವರ್ಸ್ ಕಂಪನಿ ಬಾಸ್ಕೆಟ್‌ಬಾಲ್ ಆಡುವವರಿಗೆಂದು ತಂದ ಆಲ್ ಸ್ಟಾರ್, ಅದನ್ನು ಊರೂರಿಗೆ ಹೊತ್ತು ಮಾರಿದ ಆಟಗಾರ ಚಕ್ ಟೇಲರ್, ಆಮೇಲೆ ಬಿಲ್ಲೆಯ ಮೇಲೆ ಕೂತ ಅವನ ಹೆಸರು, ಇಷ್ಟೂ ಬಾಯಿಪಾಠ. ಅಡಿ ಚಪ್ಪಟೆ, ಅಂಗಾಲಿನ ಕಮಾನಿಗೆ ಆಸರೆ ಕಡಿಮೆ ಎಂಬ ಭಾಗವನ್ನು ಮಾತ್ರ ಅವನು ಹೇಳುವುದಿಲ್ಲ. ಸಂಜೆಯ ರೈಲಿಳಿದು ಕುಂಟುವಾಗ ಹಿಮ್ಮಡಿಯೇ ಹೇಳುತ್ತದೆ.

ಶೂವಿನ ಒಳಮಗ್ಗುಲಲ್ಲಿ ಗಾಳಿಗೆಂದು ಎರಡು ತೂತು. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಓಡಾಡಿದರೆ ಗಾಳಿಗಿಂತ ಮೊದಲು ಕೆಂಧೂಳು ಒಳಗೆ ಹೋಗುತ್ತದೆ. ಭಾನುವಾರ ಬಚ್ಚಲಲ್ಲಿ ಕೂತು ಆ ಬಿಳಿ ಮೂತಿಯನ್ನು ಪೇಸ್ಟು, ಹಳೇ ಬ್ರಷ್ಷು ಹಿಡಿದು ಉಜ್ಜುತ್ತಾನೆ. ತನ್ನ ಹಲ್ಲಿಗೂ ಇಷ್ಟು ಶ್ರದ್ಧೆ ತೋರಿಸಿದವನಲ್ಲ.

ಅಜ್ಜಿ ಮೊದಲ ದಿನವೇ ಗಾಬರಿಯಾಗಿದ್ದಳು. "ಅಯ್ಯೋ, ಕಾಲಿಗೆ ಕಟ್ಟು ಹಾಕ್ಸ್ಕೊಂಡ್ ಬಂದಿದ್ದೀಯಲ್ಲೋ, ಎಲ್ಲಿ ಬಿದ್ದೆ?" ಬೆಲೆ ಕೇಳಿದ ಮೇಲೆ, "ಬಿದ್ದಿದ್ರೂ ಇಷ್ಟು ಖರ್ಚಾಗ್ತಿರ್ಲಿಲ್ಲ" ಅಂದಳು.

ಜೂನಿನಲ್ಲಿ ಶ್ರೀನಿವಾಸಪುರದ ಮಾವನ ಮಾವಿನ ಮಂಡಿಗೆ ಹೋಗಲೇಬೇಕು. ಅಲ್ಲಿ ಹಮಾಲರು ತುಳಿದ ಕೊಳೆಹಣ್ಣು ನೆಲದ ತುಂಬ. ಕ್ಯಾನ್ವಾಸು ಆ ರಸವನ್ನು ಸಂತೋಷವಾಗಿ ಕುಡಿಯಿತು. ವಾರದವರೆಗೆ ನೊಣಗಳಿಗೂ ಇವನ ಸ್ಟೈಲು ಮೆಚ್ಚುಗೆಯಾಗಿತ್ತು.

ನಿಜವಾದ ಪರೀಕ್ಷೆ ನಡೆಯುವುದು ಬಿಚ್ಚುವಾಗ. ನಮ್ಮ ಕಡೆ ಹೆಜ್ಜೆಗೊಂದು ಹೊಸಿಲು. ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರಿಗೆ ಕಾಲೊಡ್ಡಿ, ಹವಾಯಿ ಚಪ್ಪಲಿಯ ಗೆಳೆಯರು ಮುಖವನ್ನೂ ತೊಳೆದಾಯಿತು. ಇವನಿನ್ನೂ ಮೆಟ್ಟಿಲ ಮೇಲೆ ಕೂತು ಲೇಸು ಸಡಿಲಿಸುತ್ತಿದ್ದ. ಗಂಟು ಉಗುರಿಗೆ ಬಗ್ಗದೆ ಹಲ್ಲಿಗೆ ಬಂತು. ಹಿಮ್ಮಡಿ ಹಿಡಿದು ಎಳೆದರೆ ಸಾಕ್ಸು ಬಂತೇ ಹೊರತು ಶೂ ಬರಲಿಲ್ಲ.

ಹಾಗೆಂದು ಇವನಿಗೆ ಬುದ್ಧಿಯಿಲ್ಲವೆನ್ನಲಾಗದು. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಜೊತೆ ಸವೆದ ಹವಾಯಿ ಸದಾ ಇರುತ್ತದೆ. ಶೋಕಿ ಕಾಲಲ್ಲಿ, ಸುಖ ಡಿಕ್ಕಿಯಲ್ಲಿ. ನನ್ನ ಕೇಳಿದರೆ ಇದು ಒಳ್ಳೆಯ ಏರ್ಪಾಡೇ.

ಮುಳಬಾಗಿಲ ಆಂಜನೇಯನ ಗುಡಿಗೆ ಇಂಥವನ ಜೊತೆ ಹೊರಟವರಲ್ಲಿ ಒಂದು ವಿನಂತಿ: ಬಾಗಿಲಲ್ಲಿ ಕಾಯುತ್ತ ನಿಲ್ಲಬೇಡಿ. ಒಳಗೆ ಹೋಗಿ ಅರ್ಚನೆ ಮಾಡಿಸಿ. ಮಂಗಳಾರತಿಯ ಹೊತ್ತಿಗೆ ಎಡಗಾಲಿನದು ಬಿಚ್ಚಿರುತ್ತಾನೆ.