ಹಿಂದಿನ ಚಕ್ರವಿಲ್ಲದ ಸವಾರಿ

2016ರ ಫೆಬ್ರವರಿ ಕೊನೆಯಲ್ಲಿ ಬೆಲ್ಜಿಯಂನ ರೇಸೊಂದರಲ್ಲಿ ಬಿದ್ದು ಕೈ ಮುರಿದುಕೊಂಡಾಗ ಮ್ಯಾಥ್ಯೂ ಹೇಮನ್‌ಗೆ ಮೂವತ್ತೇಳು ವರ್ಷ. ಸೈಕಲ್ ರೇಸಿನಲ್ಲಿ ಆ ವಯಸ್ಸಿನವರ ಕೈ ಮುರಿದರೆ ಜೊತೆಗಾರರು ಬೀಳ್ಕೊಡುಗೆಯ ಹಾರಕ್ಕೆ ಚಂದಾ ಎತ್ತತೊಡಗುತ್ತಾರೆ. ಈ ಆಸ್ಟ್ರೇಲಿಯನ್ ಮಾತ್ರ ಗ್ಯಾರೇಜಿನಲ್ಲಿ ಸೈಕಲನ್ನು ನಿಂತಲ್ಲೇ ತುಳಿಸುವ ಟ್ರೈನರ್ ಯಂತ್ರಕ್ಕೆ ಬಿಗಿದು, ಜ್ವಿಫ್ಟ್ ಎಂಬ ಆ್ಯಪ್ ಹಾಕಿಕೊಂಡು, ಪ್ಲಾಸ್ಟರ್ ಕೈಯಲ್ಲೇ ವಾರಗಟ್ಟಲೆ ತುಳಿದ. ಏಪ್ರಿಲ್ 10ರಂದು ಪ್ಯಾರಿಸ್–ರೂಬೆ ರೇಸಿನ ಕಲ್ಲುಹಾಸಿನ ದಾರಿಯೂ ಸೇರಿ 257 ಕಿ.ಮೀ. ಓಡಿಸಿ, ದಾಖಲೆಯ ಐದನೇ ಗೆಲುವಿಗೆಂದು ಬಂದಿದ್ದ ಟಾಮ್ ಬೂನನ್‌ನನ್ನು ಗೆರೆಯ ಬಳಿ ಹಿಂದೆ ಹಾಕಿದ. ‘ಇಷ್ಟೊಂದು ತುಳಿದು ನೀನು ಹೋದದ್ದಾದರೂ ಎಲ್ಲಿಗೆ?’ ಎಂದು ಮನೆಯವರು ಕೇಳಿದರೆ ಜಗತ್ತಿನ ಒಳಾಂಗಣ ಸವಾರರೆಲ್ಲ ಇವತ್ತಿಗೂ ಹೇಮನ್‌ನತ್ತ ಕೈ ತೋರಿಸುತ್ತಾರೆ.

ಬೆಂಗಳೂರಿನಲ್ಲಿ ಭಾನುವಾರ ನಸುಕಿಗೆ ನಂದಿಬೆಟ್ಟ ಹತ್ತುವವರಲ್ಲೂ ಈ ಪಂಗಡದವರಿದ್ದಾರೆ. ವಾರದ ದಿನ ರಿಂಗ್ ರೋಡಿಗೆ ಇಳಿದರೆ ಹೃದಯಬಡಿತ ಏರುವುದು ತುಳಿದದ್ದಕ್ಕಲ್ಲ, ಹಿಂದಿನಿಂದ ಬರುವ ಬಸ್ಸಿಗೆ. ಹಾಗಾಗಿ ಹಿಂದಿನ ಚಕ್ರ ಕಳಚಿ ಗೋಡೆಗೊರಗಿಸಿ, ಚೈನನ್ನು ನೇರ ಟ್ರೈನರ್‌ನ ಹಲ್ಲಿಗೆ ಹಾಕಿದರೆ ಸವಾರಿ ಸಿದ್ಧ. ಆಮೇಲೆ ಏಳುವುದೇ ಯಾವ ಆ್ಯಪ್ ಎಂಬ ಪ್ರಶ್ನೆ. ಇದರ ಬಗ್ಗೆ ನಡೆಯುವ ವಾದ ಕೇಳಿದರೆ ಒಂದೊಂದು ಆ್ಯಪಿನ ಹಿಂದೆಯೂ ಒಂದೊಂದು ಮಠವಿದೆ ಅನ್ನಿಸುತ್ತದೆ.

ಅಸಲಿಗೆ ಎಲ್ಲ ಮಠಗಳಲ್ಲೂ ಮಂತ್ರ ಒಂದೇ: ಎಫ್‌ಟಿಪಿ. ಸುಮಾರು ಒಂದು ಗಂಟೆ ಹೊತ್ತು ತಡೆದುಕೊಳ್ಳಬಲ್ಲ ಶಕ್ತಿ, ವ್ಯಾಟ್ ಲೆಕ್ಕದಲ್ಲಿ. ಗಂಟೆ ಪೂರ್ತಿ ನರಳುವ ಬದಲು ಇಪ್ಪತ್ತು ನಿಮಿಷ ನರಳಿ, ಬಂದ ಸರಾಸರಿಯ ಶೇ 95 ಹಿಡಿದರೆ ಸಾಕು. 240 ವ್ಯಾಟ್ ಬಂದವನ ಎಫ್‌ಟಿಪಿ 228. ಅವನಿಗೆ ‘ಸ್ವೀಟ್ ಸ್ಪಾಟ್’ ಎಂಬ ತರಬೇತಿ ಮಟ್ಟ ಅಂದರೆ ಅದರ ಶೇ 88ರಿಂದ 94, ಹೆಚ್ಚುಕಡಿಮೆ 201ರಿಂದ 214 ವ್ಯಾಟ್. ಹೆಸರಿನಲ್ಲಿ ಸಿಹಿ ಇದೆ, ಅಷ್ಟೇ. ಯಾವ ಆ್ಯಪ್ ತೆರೆದರೂ ಕಾಲಿಗೆ ಸಿಗುವುದು ಇದೇ ಮಿತಿಯ ವ್ಯಾಟ್, 210 ಎನ್ನಿ.

ಅದನ್ನು ವಸೂಲು ಮಾಡುವ ವಿಧಾನಕ್ಕೆ ಎರ್ಗ್ ಮೋಡ್ ಎನ್ನುತ್ತಾರೆ. ಆ್ಯಪ್ 210 ಎಂದರೆ ಟ್ರೈನರ್ 210ಕ್ಕೇ ಬಿಗಿಯುತ್ತದೆ; ಗೇರ್ ಬದಲಿಸಿ ತಪ್ಪಿಸಿಕೊಳ್ಳುವಂತಿಲ್ಲ. ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವನು ಬೆವರು ಒರೆಸಿಕೊಳ್ಳಲು ಟವೆಲ್ಲಿಗೆ ಕೈ ಚಾಚುತ್ತಾನೆ, ಸುತ್ತು 80ಕ್ಕೆ ಇಳಿಯುತ್ತದೆ. ವ್ಯಾಟ್ ಕಡಿಮೆಯಾಗಬಾರದಲ್ಲ, ಟ್ರೈನರ್ ಇನ್ನಷ್ಟು ಬಿಗಿಯುತ್ತದೆ. ಪೆಡಲ್ ಭಾರವಾಯಿತೆಂದು ಸುತ್ತು 60ಕ್ಕೆ ಬರುವಷ್ಟರಲ್ಲಿ ಕಾಲಿನ ಮೇಲಿನ ಹೊರೆ ಮೊದಲಿನ ಒಂದೂವರೆ ಪಟ್ಟು. ಮೀಟರ್ ಬಡ್ಡಿ ಸಾಲದ ಹಾಗೆ, ಕಂತು ತಪ್ಪಿದಷ್ಟೂ ಗಂಟು ಬೆಳೆಯುತ್ತದೆ. ಕೊನೆಗೆ ಪೆಡಲ್ ನಿಂತೇಬಿಡುತ್ತದೆ. ಟವೆಲ್ ಮಾತ್ರ ಇನ್ನೂ ಕೈಗೆ ಸಿಕ್ಕಿರುವುದಿಲ್ಲ.

ಹೀಗಿರುವಾಗ ಆ್ಯಪ್‌ಗಳು ಮಾರುವುದು ವ್ಯಾಯಾಮವನ್ನಲ್ಲ, ಮರೆವನ್ನು. 2014ರಲ್ಲಿ ಶುರುವಾದ ಜ್ವಿಫ್ಟ್ ಇದರಲ್ಲಿ ನಿಸ್ಸೀಮ. ವಟೋಪಿಯ ಎಂಬ ಕಾಲ್ಪನಿಕ ದ್ವೀಪ, ಅದರಲ್ಲೊಂದು ಜ್ವಾಲಾಮುಖಿ, ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನ 21 ತಿರುವುಗಳನ್ನು ಹಾಗೇ ಇಳಿಸಿದ ಬೆಟ್ಟ, ಸುತ್ತಮುತ್ತ ನಾನಾ ದೇಶಗಳ ನಿಜವಾದ ಸವಾರರು. ಜಾತ್ರೆಯೇನೋ ಜೋರು, ಆದರೆ ಕ್ರಮಬದ್ಧ ವರ್ಕೌಟಿಗೆ ಅದೇ ತೊಡಕು. ಜೋರಾಗಿ ತುಳಿಯುವ ಇಂಟರ್ವಲ್ ಮುಗಿದು ಚೇತರಿಕೆಗೆಂದು 100 ವ್ಯಾಟಿನಲ್ಲಿ ಹೋಗುತ್ತಿರುವಾಗ ಪರದೇಶದ ಯಾವನೋ ಪಕ್ಕದಲ್ಲೇ ನುಗ್ಗಿ ಹೋಗುತ್ತಾನೆ. ‘ನಾನು ಸುಧಾರಿಸಿಕೊಳ್ಳುತ್ತಿದ್ದೇನೆ ಕಣಯ್ಯಾ’ ಎಂದು ಅವನಿಗೆ ತಿಳಿಸುವುದು ಹೇಗೆ? ಅಟ್ಟಿಸಿಕೊಂಡು ಹೋಗೋಣವೆಂದರೆ ಎರ್ಗ್ ಬಿಡುವುದಿಲ್ಲ. ಎರ್ಗ್ ಹಾಕಿದ್ದಾಗ ಪರದೆಯ ಮೇಲೆ ಕಡಿದಾದ ಏರು ಬಂದರೂ ಇಳಿಜಾರು ಬಂದರೂ ಕಾಲಿಗೆ ಗೊತ್ತಾಗುವುದಿಲ್ಲ. ಬೆಟ್ಟ ಬರೀ ಶೋಕಿಗೆ.

ಮಾನದ ಪ್ರಶ್ನೆ ಬಂದ ಮೇಲೆ ಮೋಸ ಬಾರದೆ ಇರುತ್ತದೆಯೇ? ಜ್ವಿಫ್ಟ್‌ನಲ್ಲಿ ಸವಾರನ ವೇಗ ತೀರ್ಮಾನವಾಗುವಾಗ ಅವನು ತಾನೇ ಟೈಪ್ ಮಾಡಿದ ತೂಕವೂ ಲೆಕ್ಕಕ್ಕೆ ಬರುತ್ತದೆ. ವರ್ಷವಿಡೀ ಅನ್ನ ಬಿಟ್ಟರೂ ಇಳಿಯದ ಐದು ಕಿಲೋ ಇಲ್ಲಿ ಒಂದು ಬೆರಳಿಗೆ ಇಳಿಯುತ್ತದೆ. ದೊಡ್ಡ ರೇಸುಗಳಲ್ಲಿ ತಕ್ಕಡಿ ಹತ್ತಿ ನಿಂತ ವಿಡಿಯೋ ಕಳಿಸಿ ಎಂದು ಕೇಳುವುದು ಸುಮ್ಮನೆ ಅಲ್ಲ. ಇದನ್ನೂ ಮೀರಿಸಿದ್ದು ಬ್ರಿಟನ್ನಿನ ಕ್ಯಾಮರನ್ ಜೆಫರ್ಸ್ ಪ್ರಕರಣ. 2019ರಲ್ಲಿ ಅಲ್ಲಿನ ಸೈಕ್ಲಿಂಗ್ ಸಂಸ್ಥೆ ನಡೆಸಿದ ಮೊದಲ ರಾಷ್ಟ್ರೀಯ ಇ-ರೇಸ್ ಚಾಂಪಿಯನ್ ಆತ. ಏರಿದ್ದು ‘ಟ್ರಾನ್’ ಎಂಬ ಹೊಳೆಯುವ ಚಕ್ರದ ಸೈಕಲ್. ಆ ಸೈಕಲ್ ದುಡ್ಡಿಗೆ ಸಿಗುವುದಿಲ್ಲ, ಒಟ್ಟು 50,000 ಮೀಟರ್ ಏರು ತುಳಿದವರಿಗಷ್ಟೇ. ಐದು ಎವರೆಸ್ಟ್ ಮೇಲೆ ಇನ್ನೂ ಸ್ವಲ್ಪ. ಅಷ್ಟು ಯಾರು ತುಳಿಯುತ್ತಾರೆಂದು ಅದನ್ನು ಸಾಫ್ಟ್‌ವೇರ್ ಒಂದರ ಕೈಲಿ ತುಳಿಸಲಾಗಿತ್ತು. ಪದಕ ಹೋಯಿತು, 250 ಪೌಂಡ್ ದಂಡ ಬಿತ್ತು, ಆರು ತಿಂಗಳ ನಿಷೇಧವೂ ಬಂತು. ಇಲ್ಲದ ಸೈಕಲ್ಲು, ಇಲ್ಲದ ಬೆಟ್ಟ, ಹತ್ತದ ಸವಾರ. ದಂಡ ಮಾತ್ರ ಅಪ್ಪಟ ನಿಜ.

ಇದೇ ಲೋಕಕ್ಕೆ ಇನ್ನೊಂದು ಮುಖವೂ ಇದೆಯೆನ್ನಿ. 2020ರ ಡಿಸೆಂಬರಿನಲ್ಲಿ ಜ್ವಿಫ್ಟ್ ಮೇಲೆ ನಡೆದ ಮೊದಲ ಇ-ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಪುರುಷ ಜೇಸನ್ ಓಸ್ಬೋರ್ನ್ ಜರ್ಮನಿಯ ದೋಣಿ ಸ್ಪರ್ಧಿ. ಮರುವರ್ಷ ಟೋಕಿಯೋದಲ್ಲಿ ಹುಟ್ಟು ಹಾಕಿ ಒಲಿಂಪಿಕ್ ಬೆಳ್ಳಿ ತಂದ.

ಸಫರ್‌ಫೆಸ್ಟ್ ಎಂಬ ಆ್ಯಪಿನವರದು ಬೇರೆಯೇ ದಾರಿ. ನೋವನ್ನು ಮರೆಸುವ ಗೊಡವೆಗೆ ಹೋಗದೆ ಅದಕ್ಕೊಂದು ದೇಶವನ್ನೇ ಕಟ್ಟಿಕೊಟ್ಟರು: ಸಫರ್‌ಲ್ಯಾಂಡ್ರಿಯ. ನಿಜವಾದ ರೇಸಿನ ದೃಶ್ಯ ತೋರಿಸುತ್ತಾ, ತೆರೆಯ ಮೇಲೆ ಕುಹಕದ ಸಾಲು ಓಡಿಸುತ್ತಾ ಗೋಳುಹೊಯ್ದುಕೊಳ್ಳುವುದು ಇವರ ಶೈಲಿ. ಹತ್ತು ವಿಡಿಯೋಗಳನ್ನು ಒಂದರ ಬೆನ್ನಿಗೊಂದು ತುಳಿದು ಮುಗಿಸಿದವರಿಗೆ ಆ ದೇಶದ ‘ನೈಟ್’ ಬಿರುದು. 2019ರಲ್ಲಿ ಈ ಆ್ಯಪನ್ನು ವಾಹೂ ಕಂಪನಿ ಕೊಂಡುಕೊಂಡಿತು, 2021ರಲ್ಲಿ ಹೆಸರು ಸಿಸ್ಟಮ್ ಎಂದಾಯಿತು. ದೇಶಕ್ಕಿದ್ದ ಗತ್ತು ಇಲಾಖೆಯಂಥ ಈ ಹೆಸರಿಗೆ ಬರಲಿಲ್ಲ. ಚೆಕ್ ಮೂಲದ ರೂವಿ ನಿಜವಾದ ರಸ್ತೆಗಳ ವಿಡಿಯೋ ಓಡಿಸುತ್ತದೆ, ಕಣ್ಣಿಗೆ ಹಿತ. ಅಬುಧಾಬಿಯ ಮೈವೂಶ್ ಪೂರಾ ಪುಕ್ಕಟೆ, ಮೇಲಾಗಿ 2024ರ ಇ-ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಷಿಪ್ಪನ್ನೂ ತನ್ನತ್ತ ಸೆಳೆದುಕೊಂಡಿತು. ಅದೇ ವರ್ಷ ಜ್ವಿಫ್ಟ್ ತಿಂಗಳ ಚಂದಾವನ್ನು 15 ಡಾಲರಿನಿಂದ 20ಕ್ಕೆ ಏರಿಸಿತ್ತು. ಪುಕ್ಕಟೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಇಷ್ಟೆಲ್ಲ ಹೋಲಿಕೆ ಮಾಡುವವರು ಟೇಬಲ್ ಫ್ಯಾನಿನ ಸುದ್ದಿ ಎತ್ತುವುದೇ ಅಪರೂಪ. ದೇಹ ಸುಡುವ ಇಂಧನದಲ್ಲಿ ಪೆಡಲ್‌ಗೆ ಮುಟ್ಟುವುದು ಹೆಚ್ಚೆಂದರೆ ಕಾಲುಭಾಗ. 200 ವ್ಯಾಟ್ ತುಳಿಯುವವನ ಮೈಯಿಂದ 600 ವ್ಯಾಟಿಗೂ ಮಿಕ್ಕಿ ಶಾಖ ಹೊರಬೀಳುತ್ತದೆ. ಹೊರಗಾದರೆ ಗಾಳಿ ಒಯ್ಯುತ್ತದೆ. ಒಳಗೆ ಅದು ಬೆವರಾಗಿ ಹ್ಯಾಂಡಲ್ ಟೇಪಿನೊಳಗೆ ಇಳಿದು ಬೋಲ್ಟಿಗೆ ತುಕ್ಕು ಹಿಡಿಸುತ್ತದೆ. ಎದೆಗೆ ನೇರ ಬೀಸುವ ಫ್ಯಾನ್ ಕೊಡುವಷ್ಟು ವ್ಯಾಟನ್ನು ಯಾವ ಆ್ಯಪೂ ಕೊಡಲಾರದು.

ವರ್ಕೌಟ್ ಮುಗಿಸುವುದೊಂದೇ ಗುರಿಯಾದರೆ ನೆವಾಡದ ಟ್ರೈನರ್‌ರೋಡೇ ಸೈ. ದ್ವೀಪವಿಲ್ಲ, ದೇಶವಿಲ್ಲ. ನೀಲಿ ಪಟ್ಟಿಗಳು, ಅವುಗಳ ಮೇಲೆ ಎಳೆದುಕೊಂಡು ಹೋಗುವ ಗೆರೆ, ಅಷ್ಟೇ. ವರ್ಕೌಟುಗಳಿಗೆ ಲಮಾರ್ಕ್, ಬ್ಯಾಕ್ಸ್‌ಟರ್ ಎಂದು ಬೆಟ್ಟಗಳ ಹೆಸರಿಟ್ಟಿದ್ದಾರೆ. ತೆರೆಯ ಮೇಲೆ ಒಂದು ಗುಡ್ಡವೂ ಕಾಣುವುದಿಲ್ಲ. 2021ರಿಂದ ಅದಕ್ಕೆ ವಿಚಾರಣೆಯ ಅಭ್ಯಾಸವೂ ಅಂಟಿದೆ. ಪ್ರತಿ ವರ್ಕೌಟ್ ಆದಮೇಲೆ ಎಷ್ಟು ಕಷ್ಟವಾಯಿತೆಂದು ಕೇಳಿ, ಉತ್ತರ ನೋಡಿ ಮುಂದಿನ ಪಾಠವನ್ನು ತಿದ್ದುತ್ತದೆ. ‘ಸುಲಭ’ದಿಂದ ‘ಇದ್ದಬದ್ದ ಶಕ್ತಿಯೆಲ್ಲ ಮುಗಿಯಿತು’ ಎನ್ನುವವರೆಗೆ ಐದು ಉತ್ತರ. ನಡುವೆ ಕೈಬಿಟ್ಟವರಿಂದ, ಪಟ್ಟಿಯಲ್ಲಿ ಒಂದನ್ನು ಒತ್ತಿ ಎಂದು ಕಾರಣವನ್ನೂ ಕೇಳುತ್ತದೆ.

ಜಯನಗರದ ಮನೆಯಲ್ಲಿ ಮೂರನೇ ಇಂಟರ್ವಲ್ ನಡೆಯುತ್ತಿರುವಾಗ ಅಡುಗೆಮನೆಯಿಂದ, ‘ಹಾಲಿಟ್ಟಿದೀನಿ ಕಣೋ, ಒಂಚೂರು ನೋಡ್ಕೋ, ನಾನು ಮೇಲೆ ಬಟ್ಟೆ ಒಣಗಿಹಾಕಿ ಬರ್ತೀನಿ’ ಎಂಬ ಕೂಗು ಬರುತ್ತದೆ. ‘ಎರಡೇ ನಿಮಿಷ ತಡಿಯಮ್ಮಾ’ ಎನ್ನುವ ಹೊತ್ತಿಗೆ ಅಮ್ಮ ಮೆಟ್ಟಿಲು ಹತ್ತಿಯಾಗಿರುತ್ತದೆ. ಹಾಲು ಉಕ್ಕಿದ್ದನ್ನು ಆಯಾಸ ಎಂದು ಒತ್ತಬೇಕೋ, ಸಲಕರಣೆಯ ತೊಂದರೆ ಎಂದು ಒತ್ತಬೇಕೋ, ಅದನ್ನಿನ್ನೂ ಆ ಆ್ಯಪ್ ಹೇಳಿಕೊಟ್ಟಿಲ್ಲ.