ಅಡಿಕೆಗೆ ಬಿಸಿಲು, ಕಾರಿಗೆ ಬೈರಾಸು

ಬೇಸಗೆ ಬಂತೆಂದರೆ ಪುತ್ತೂರು ಕಡೆಯ ಕೆದಂಬಾಡಿಯ ಅಂಗಳಗಳು ಅಡಿಕೆಯ ಪಾಲು. ಮನೆಯವರೂ ನೆಂಟರೂ ಬದಿ ಹಿಡಿದು ನಡೆಯಬೇಕು. ಕೋಳಿ ಕೂಡ ಒಂದು ಕಣ್ಣನ್ನು ಮನೆಯಾಕೆಯ ಕೋಲಿನ ಮೇಲಿಟ್ಟೇ ಕಾಲಿಡುತ್ತದೆ. ಹಣ್ಣಡಿಕೆ ಒಣಗಿ ಚಾಲಿಯಾಗಲು 40-45 ದಿನಗಳ ಬಿಸಿಲು ಬೇಕು. ಇದರ ನಡುವೆ ಕಾರಿಗೆ ಎಲ್ಲಿಯ ಜಾಗ? ಅದು ತೋಟಕ್ಕಿಳಿಯುವ ದಾರಿಯ ಪಕ್ಕ, ಮೂತಿಯನ್ನು ಪಡುವಣಕ್ಕೆ ಒಡ್ಡಿ ನಿಂತಿರುತ್ತದೆ. ಕೃಷಿಕರ ಲೆಕ್ಕ ತಪ್ಪೆನ್ನುವಂತಿಲ್ಲ. ಇಟ್ಟಷ್ಟು ದಿನ ಧಾರಣೆ ಏರೀತೆಂಬ ಆಸೆಯನ್ನು ಅಡಿಕೆಯ ಮೇಲೆ ಇಡಬಹುದು. ಶೋರೂಮಿನ ಮೆಟ್ಟಿಲಿಳಿದ ಕಾರಿನ ಮೇಲೆ ಯಾವ ಆಸೆ?

ತಮಾಷೆಯೆಂದರೆ, ಒಣಗುವ ಅಡಿಕೆಗೆ ಅಕಾಲ ಮಳೆ ಬೀಳದಿರಲೆಂದು ಈಚೆಗೆ ಪುತ್ತೂರು, ಸುಳ್ಯ, ಕಡಬದ ಕಡೆ ಅಂಗಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗೂಡು ಕಟ್ಟುತ್ತಾರೆ. ಬಿಸಿಲು ಒಳಗೆ ಹೋಗಬೇಕು, ಬಿಸಿ ಹೊರಗೆ ಬರಬಾರದು. ಪೈಪು, ಶೀಟು, ಮಜೂರಿ ಎಂದು ಹಣ ಸುರಿದು ಇದನ್ನು ನಿಲ್ಲಿಸಿದವರ ಮನೆಯಲ್ಲೇ ಅದೇ ತತ್ತ್ವದ ಇನ್ನೊಂದು ಗೂಡು ನಾಲ್ಕು ಚಕ್ರದ ಸಮೇತ ಗೇಟಿನಾಚೆ ನಿಂತಿರುತ್ತದೆ. ಗಾಜು ದಾಟಿ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಸೂಸುವ ಶಾಖ ಗಾಜನ್ನು ದಾಟಲಾರದು, ಕಾದ ಗಾಳಿಗೂ ಹೊರಹೋಗಲು ದಾರಿಯಿಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಸ್ಟೀರಿಂಗಿನಲ್ಲಿ 53, ಡ್ಯಾಶ್‌ಬೋರ್ಡಿನಲ್ಲಿ 69. ನೆರಳಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 48ಕ್ಕೇ ನಿಂತಿತ್ತು.

ಈ ಲೆಕ್ಕವನ್ನು ಕಣ್ಣಾರೆ ಕಾಣಲು ಅರಿಜೋನಾಕ್ಕೆ ಹೋಗಬೇಕಿಲ್ಲ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆ ಪ್ರತಿ ವರ್ಷ ಏಪ್ರಿಲ್ 10ಕ್ಕೆ ಶುರು. ಆ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬಿಡಾರ ಹೂಡುವ ತಯಾರಿಯಲ್ಲಿರುತ್ತಾನೆ. ಬೆಳಗ್ಗೆ ಗದ್ದೆಯಲ್ಲಿ ಕಾರಿಟ್ಟು, ದೇವರ ದರ್ಶನ ಮಾಡಿ, ಊಟ ಮುಗಿಸಿ ಬಂದ ಸಂಸಾರ ಬಾಗಿಲು ತೆರೆದು ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. "ಎಂಥ ಸೆಕೆ ಮಾರಾಯ್ರೇ, ಒಳಗೆ ಕೂರ್ಲಿಕ್ಕೆ ಉಂಟಾ?" ಎಂದು ಹೆಂಡತಿ. "ಗಾಜು ಎರಡು ಬೆರಳು ಇಳಿಸಿಯೇ ಇಟ್ಟಿದ್ದೆನಲ್ಲ" ಎಂದು ಗಂಡ. ಎರಡು ಬೆರಳಿನ ಸಂದಿಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು ಸ್ಟ್ಯಾನ್‌ಫರ್ಡಿನ ವೈದ್ಯರು 2005ರಲ್ಲೇ ಅಳೆದು ತೋರಿಸಿದ್ದಾರೆ. ಒಂದು ಗಂಟೆಯಲ್ಲಿ ಏರುವ ಬಿಸಿಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದಂತೆ. ಆದ್ದರಿಂದ "ಈಗ ಬಂದೆ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಮಾತ್ರ ತಮಾಷೆಯ ವಿಷಯವಲ್ಲ; ಚಿಕ್ಕ ಮೈ ದೊಡ್ಡವರ ಮೈಗಿಂತ ಎಷ್ಟೋ ಬೇಗ ಕಾಯುತ್ತದೆ. ಚಾಕಲೇಟಿನ ಗತಿ ಬೇರೆ ಹೇಳಬೇಕಿಲ್ಲ. ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ಇದೆ. ಆದರೆ ಕೋಕೋ ಬೆಣ್ಣೆ ಕರಗಲು 35 ಡಿಗ್ರಿಯ ಆಸುಪಾಸು ಸಾಕು. ಪುತ್ತೂರಿನಲ್ಲಿ ಕೊಂಡ ಬಾರು ಕುಂಬ್ರ ಮುಟ್ಟುವಷ್ಟರಲ್ಲಿ ಪಾಯಸ.

ಹಾಗಾದರೆ ನೆರಳು ಹುಡುಕೋಣ ಎಂದರೆ ತುಳುನಾಡಿನಲ್ಲಿ ನೆರಳು ಪುಕ್ಕಟೆಯಾಗಿ ಬರುವುದಿಲ್ಲ. ತೆಂಗಿನಡಿ ನಿಲ್ಲಿಸಿದವರಿಗೆ ವಿಮಾ ಕಂಪನಿಯ ನಂಬರು ಬಾಯಿಪಾಠ. ಹಲಸಿನ ಮರ ಬೇಸಗೆಯಲ್ಲೇ ಕಾಯಿ ಹೊತ್ತಿರುತ್ತದೆ. ಬಿದ್ದರೆ ಬಾನೆಟ್ಟು, ಬೀಳದಿದ್ದರೂ ಮೇಣ. ಮಾವಿನಡಿ ಅಂಟಂಟು ಹನಿ, ಜೊತೆಗೆ ಸೊನೆ. ಗೇರು ಮರಕ್ಕೆ ರಾತ್ರಿ ಬಾವಲಿ ಬರುತ್ತದೆ, ಬೆಳಗ್ಗೆ ಅದರ ಸಹಿ ಕಾರಿನ ಮೇಲಿರುತ್ತದೆ. ಹಕ್ಕಿ ಹಿಕ್ಕೆಯ ಆಮ್ಲ ಬಿಸಿಗೆ ಮೆದುವಾದ ಪೇಂಟಿನ ಮೇಲಿನ ಪಾರದರ್ಶಕ ಪದರವನ್ನು ಕೊರೆಯುತ್ತದೆ. ಸಂಜೆಗೆ ತೊಳೆದರಾಯಿತು ಎನ್ನುವವರಿಗೆ ಸಂಜೆ ಸಿಗುವುದು ಕಲೆಯ ಅಚ್ಚು. ರಬ್ಬರು ತೋಟವಾದರೂ ತಂಪೇ ಎಂದರೆ, ಅದು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಎಲೆಯುದುರಿಸಿ, ಬಿಸಿಲೇರುವ ಹೊತ್ತಿಗೆ ಸರಿಯಾಗಿ ಬೋಳಾಗಿ ನಿಂತಿರುತ್ತದೆ.

ಬಿಸಿಲನ್ನು ಅಡಿಕೆ ಕೃಷಿಕರಷ್ಟು ಬಲ್ಲವರು ಬೇರೆ ಇಲ್ಲ ಎಂಬುದೇ ಇಲ್ಲಿ ಸೋಜಿಗ. ನೈರುತ್ಯದ ಇಳಿಬಿಸಿಲಿಗೆ ಅಡಿಕೆ ಮರದ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕಾಗಿ ವಿಟ್ಲದಲ್ಲಿ ಕೇಂದ್ರವಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಗಿಡಗಳ ಸಾಲನ್ನು ದಕ್ಷಿಣೋತ್ತರ ರೇಖೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ಓರೆಯಾಗಿಸಿ ನೆಡಲು ಹೇಳುತ್ತದೆ. ಆ ಬದಿಯ ಮರಗಳಿಗೆ ಸೋಗೆ ಕಟ್ಟುತ್ತಾರೆ, ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ. ಇಷ್ಟೆಲ್ಲ ಗೊತ್ತಿರುವ ಮನುಷ್ಯ ಶೋರೂಮಿಗೆ ಹೋದರೆ ಕಡುಗಪ್ಪು ಕಾರನ್ನೇ ತೋರಿಸಿ "ಇದು ಗಮ್ಮತ್ತುಂಟು" ಎನ್ನುತ್ತಾನೆ! ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿದರು. ಬೆಳ್ಳಿಯದರ ಒಳಗಿನ ಗಾಳಿ ಐದಾರು ಡಿಗ್ರಿ ತಂಪಾಗಿತ್ತು. ಸುಣ್ಣ ಬಳಿಯುವವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಉಪಾಯಕ್ಕೆ ಸುಪ್ರೀಂ ಕೋರ್ಟು 2012ರಲ್ಲೇ ಕಡಿವಾಣ ಹಾಕಿತು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಬದಿಯದರಲ್ಲಿ ಶೇ. 50 ಬೆಳಕು ದಾಟಬೇಕೆಂದು ನಿಯಮ. ಹಾಗಾಗಿ ಊರಿನ ಹಳೆಯ ಶಸ್ತ್ರವೇ ಗತಿ: ಬೈರಾಸು ಎಂಬ ಟವೆಲು. ಸ್ಟೀರಿಂಗಿಗೆ ಒಂದು, ಸೀಟಿಗೆ ಒಂದು. ಮುಂಗಾಜಿಗೆ ಬೆಳ್ಳಿಹಾಳೆಯ ಪರದೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಇಡೀ ಕಾರಿಗೆ ಕವರು ಹೊದಿಸುವವರು ಮೊದಲು ಧೂಳು ಒರೆಸಬೇಕು. ಇಲ್ಲವಾದರೆ ಗಾಳಿಗೆ ಕವರು ಆಡಿದಂತೆಲ್ಲ ಪೇಂಟಿಗೆ ಮರಳುಕಾಗದದ ಸೇವೆ. ಹೊರಡುವಾಗ ಎದುರುಬದುರು ಬಾಗಿಲು ತೆರೆದು, ಗಾಜಿಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಎ.ಸಿ. ಹಾಕಿದರೆ ಅದಕ್ಕೂ ಉಸಿರಾಡಲು ಸಮಯ ಸಿಕ್ಕೀತು. ಟಯರಿನ ಗಾಳಿ ನೋಡಿಸುವುದು ಬೆಳಗ್ಗೆ, ಚಕ್ರ ತಣ್ಣಗಿರುವಾಗ.

ಟಯರಿನ ರಬ್ಬರಿಗೆ ಕಾರ್ಬನ್ ಮಸಿ ಬೆರೆಸಿರುವುದರಿಂದ ಅದು ಬಿಸಿಲನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ. ತೆಳ್ಳಗಿನ ವೈಪರಿಗೆ ಅಷ್ಟು ತ್ರಾಣವಿಲ್ಲ. ನಾಲ್ಕು ತಿಂಗಳು ಗಾಜಿನ ಮೇಲೆ ಬೆಂದು ಬಿರಿದಿರುತ್ತದೆ. ಮೇ ತಿಂಗಳ ಮೊದಲ ಗುಡುಗುಮಳೆಯ ಸಂಜೆ ಮಾಣಿ-ಮೈಸೂರು ರಸ್ತೆಯಲ್ಲಿ ಸ್ವಿಚ್ಚು ಒತ್ತಿದಾಗ ಅದು ಕಿರ್ರೆಂದು ಗಾಜಿನ ಮೇಲೆ ಬಿಲ್ಲು ಬರೆಯುತ್ತದೆ, ನೀರು ಮಾತ್ರ ಅಲ್ಲೇ. ಮರುದಿನ ಪುತ್ತೂರಿನ ಬಿಡಿಭಾಗದ ಅಂಗಡಿಯ ಮುಂದೆ ಸಾಲು. ಅಂಗಳದ ಅಡಿಕೆ ಅಷ್ಟರೊಳಗೆ ಗೋಣಿ ಸೇರಿ ಬೆಚ್ಚಗಿರುತ್ತದೆ.